ಬೇಡವೆಂದ ಬಡ್ತಿ

1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು ಹುಟ್ಟಿದವು. 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. 1969 ಮತ್ತು 1980ರ ರಾಷ್ಟ್ರೀಕರಣದ ನಂತರ ಬ್ಯಾಂಕುಗಳ ಶಾಖೆಗಳು ದೇಶವೆಲ್ಲ ಹಬ್ಬಿದವು. ನಮ್ಮಂಥವರ ಸಂಸಾರಗಳೂ ಗಂಟುಮೂಟೆ ಕಟ್ಟಿದವು. ಆಫೀಸರ್ ಆದರೆ ವರ್ಗ ತಪ್ಪಿದ್ದಲ್ಲ. ಹಾಗಾಗಿ ಎಷ್ಟೋ ಗುಮಾಸ್ತರು ಬಡ್ತಿಯೇ ಬೇಡವೆಂದು ಊರಲ್ಲೇ ಉಳಿದರು. ನಾವು ಅವರನ್ನು ನೋಡಿ ನಗುತ್ತಿದ್ದೆವು.

ಹೈದರಾಬಾದಿನಲ್ಲಿ, ಕಾರ್ಖಾನೆಗಳ ನಾಚಾರಂನಲ್ಲಿ ಬಾಡಿಗೆಗಿದ್ದಾಗ ನನ್ನ ಸರದಿ ಬಂತು. ಬಡ್ತಿ ಎಂದರೆ ಉತ್ತರ ಭಾರತ. ಮಗಳಿಗೆ ಹತ್ತನೇ ಕ್ಲಾಸು. "ಈ ಸಲಾನೂ ನೀವೊಬ್ರೇ ಹೋಗ್ತೀರಾ?" ಎಂದಳು ಹೆಂಡತಿ. ಬೇಡವೆಂದು ಬರೆದುಕೊಟ್ಟೆ. ಕಿರಿಯರು ಮುಂದೆ ಹೋದರು. ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು.

2019-20ರ ವಿಲೀನದಲ್ಲಿ ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಎಂಬ ಹೆಸರುಗಳೇ ಹೋದವು. ಮಗಳು ಮಾತ್ರ ದಿನಾ ಸಂಜೆ ಫೋನ್ ಮಾಡುತ್ತಾಳೆ. ಆ ಗುಮಾಸ್ತರ ಲೆಕ್ಕವೇ ಸರಿಯಿತ್ತು.