ಆಫ್ರಿಕದ ಗೇರುಬೀಜ ಮತ್ತು ಕರಾವಳಿಯ ಕಾರ್ಖಾನೆಗಳು

ಭಾರತವು ಹೊರನಾಡುಗಳಿಂದ ತರಿಸಿಕೊಳ್ಳುವ ಸರಕುಗಳೆಂದೊಡನೆ ಅರಬ್ ನಾಡುಗಳ ಕಚ್ಚಾ ತೈಲವೂ ಪಾಶ್ಚಾತ್ಯ ರಾಷ್ಟ್ರಗಳ ಯಂತ್ರೋಪಕರಣಗಳೂ ನೆನಪಿಗೆ ಬರುವುದು ಸಹಜ. ಆದರೆ ನಮ್ಮಂತೆಯೇ ಪರರ ಆಳ್ವಿಕೆಯಿಂದ ಬಿಡುಗಡೆ ಹೊಂದಿ, ನಮ್ಮಂತೆಯೇ ಅಭಿವೃದ್ಧಿಯ ಹಾದಿಯಲ್ಲಿರುವ ಆಫ್ರಿಕ ಖಂಡದ ದೇಶಗಳಿಂದ ಸುಮಾರು ಒಂದು ಶತಮಾನದಿಂದ ಹಡಗೇರಿ ಬರುತ್ತಿರುವ ಸರಕೊಂದುಂಟು. ಅದು ಕಚ್ಚಾ ಗೇರುಬೀಜ. ಮಂಗಳೂರು, ಕಾರ್ಕಳ, ಮೂಡುಬಿದಿರೆ, ಕುಂದಾಪುರದ ಕಡೆಗಳಲ್ಲಿ ಎಷ್ಟೋ ಸಂಸಾರಗಳ ಒಲೆ ಉರಿದಿರುವುದು ಈ ಬೀಜದ ಬಲದಿಂದ. ಆದುದರಿಂದ ಇದರ ಇತಿಹಾಸವನ್ನು ಅರಿಯುವುದು ವ್ಯಾಪಾರಸ್ಥರಿಗೆ ಮಾತ್ರವಲ್ಲದೆ ಸಮಸ್ತರಿಗೂ ಉಚಿತವಾಗಿದೆ.

ಗೇರುಮರದ ಮೂಲಸ್ಥಾನ ದಕ್ಷಿಣ ಅಮೆರಿಕದ ಬ್ರೆಜಿಲ್. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ಭಾರತದ ಪಶ್ಚಿಮ ಕರಾವಳಿಗೆ ತಂದರು. ಅವರ ಮೂಲಕವೇ ಅದು ಪೂರ್ವ ಆಫ್ರಿಕದ ಮೊಜಾಂಬಿಕ್‌ನಲ್ಲಿಯೂ ಬೇರೂರಿತು. ಬೇರೆ ಬೆಳೆ ನಿಲ್ಲದ ಮುರಕಲ್ಲಿನ ಗುಡ್ಡದಲ್ಲಿ ಹೇಗೋ, ಸಮುದ್ರ ತೀರದ ಮರಳಿನಲ್ಲಿಯೂ ಹಾಗೆಯೇ ಈ ಮರ ಯಾರ ಆರೈಕೆಯನ್ನೂ ಬೇಡದೆ ಬೆಳೆಯಿತು. ಹೀಗೆ ಒಂದೇ ಸಮುದ್ರದ ಎರಡು ದಡಗಳಲ್ಲಿ ಒಂದೇ ಮರ ನೆಲೆಯೂರಿದುದು ಮುಂದಿನ ವ್ಯಾಪಾರ ಸಂಬಂಧಕ್ಕೆ ಆಧಾರವಾಯಿತು.

1920ರ ದಶಕದಲ್ಲಿ ಕೊಲ್ಲಂ ಮತ್ತು ಮಂಗಳೂರುಗಳಲ್ಲಿ ಗೇರುಬೀಜದ ಕಾರ್ಖಾನೆಗಳು ತಲೆಯೆತ್ತಿದವು. ಅಮೆರಿಕದಲ್ಲಿ ಗೇರು ತಿರುಳಿಗೆ ಬೇಡಿಕೆ ಬೆಳೆಯಿತು. ಸ್ವದೇಶದ ಫಸಲು ಸಾಲದೆ ಬಂದುದರಿಂದ ವರ್ತಕರ ದೃಷ್ಟಿ ಪೂರ್ವ ಆಫ್ರಿಕದತ್ತ ಹರಿಯಿತು. ಇದಕ್ಕೆ ನಿಸರ್ಗವೂ ಅನುಕೂಲ ಕಲ್ಪಿಸಿತ್ತು. ಭಾರತದಲ್ಲಿ ಗೇರಿನ ಫಸಲು ಫೆಬ್ರವರಿಯಿಂದ ಮೇ ತಿಂಗಳವರೆಗೆ. ಭೂಮಧ್ಯರೇಖೆಯ ದಕ್ಷಿಣದಲ್ಲಿರುವ ಟಾಂಜಾನಿಯ, ಮೊಜಾಂಬಿಕ್‌ಗಳಲ್ಲಿ ಅಕ್ಟೋಬರಿನಿಂದ ಜನವರಿಯ ಸುಮಾರಿಗೆ. ಇಲ್ಲಿಯ ಬೀಜ ಮುಗಿದು ಕಾರ್ಖಾನೆ ಬಾಗಿಲು ಹಾಕುವ ಹೊತ್ತಿಗೆ ಅಲ್ಲಿಯ ಬೀಜ ಬಂದಿಳಿಯುತ್ತಿತ್ತು. ಕೆಲಸಗಾರರಿಗೆ ವರ್ಷದ ಹೆಚ್ಚು ತಿಂಗಳು ಕೂಲಿ ದೊರೆಯುವುದಕ್ಕೆ ಈ ಋತುಭೇದವೇ ಕಾರಣವಾಯಿತು.

ಬೀಜ ಆಫ್ರಿಕದ್ದಾದರೆ ಕೈಚಳಕ ಇಲ್ಲಿಯದು. ಬೀಜವನ್ನು ಹುರಿದು ಅಥವಾ ಹಬೆಯಲ್ಲಿ ಬೇಯಿಸಿ, ಗಟ್ಟಿಯಾದ ಹೊರಕವಚವನ್ನು ಒಡೆದು, ತಿರುಳನ್ನು ಒಣಗಿಸಿ, ಒಳಸಿಪ್ಪೆಯನ್ನು ತೆಗೆದು, ಗಾತ್ರ ಬಣ್ಣಗಳನ್ನು ನೋಡಿ ವಿಂಗಡಿಸಬೇಕು. ಕವಚದಿಂದ ಒಸರುವ ಎಣ್ಣೆ ಚರ್ಮವನ್ನು ಸುಡುವಂಥದು. ಕೈಗೆ ಬೂದಿಯನ್ನೋ ಎಣ್ಣೆಯನ್ನೋ ಸವರಿಕೊಂಡು ಈ ಕೆಲಸ ಮಾಡಬೇಕು. ಇಷ್ಟಾದರೂ ತಿರುಳು ಮುರಿಯಬಾರದು, ಏಕೆಂದರೆ ಇಡೀ ತಿರುಳಿಗೂ ಚೂರಿಗೂ ಬೆಲೆಯಲ್ಲಿ ಬಹಳ ಅಂತರವಿದೆ. ಪೇಟೆಯಲ್ಲಿ 320 ಎಂದು ಕರೆಯುವ ದರ್ಜೆಯಲ್ಲಿ ಒಂದು ಪೌಂಡಿಗೆ 300ರಿಂದ 320 ತಿರುಳುಗಳಿರಬೇಕು. ಸುಮಾರು ನಾಲ್ಕು ಕಿಲೋ ಬೀಜ ಒಡೆದರೆ ಒಂದು ಕಿಲೋ ತಿರುಳು ಲಭಿಸುವುದು. ಈ ಸೂಕ್ಷ್ಮ ಕಾರ್ಯವನ್ನು ನಡೆಸಿಕೊಂಡು ಬಂದವರಲ್ಲಿ ಬಹುಪಾಲು ಮಂದಿ ಬಡ ಕುಟುಂಬಗಳ ಸ್ತ್ರೀಯರು. ಜಗತ್ತಿನ ಮಾರುಕಟ್ಟೆಯಲ್ಲಿ ಭಾರತದ ತಿರುಳಿಗೆ ದೊರೆತ ಕೀರ್ತಿ ವಸ್ತುತಃ ಅವರ ಬೆರಳುಗಳಿಗೆ ಸಲ್ಲತಕ್ಕದ್ದು.

ಸ್ವಾತಂತ್ರ್ಯಾನಂತರ 1955ರಲ್ಲಿ ಗೇರು ರಫ್ತು ಅಭಿವೃದ್ಧಿ ಮಂಡಳಿ ಕೊಚ್ಚಿಯಲ್ಲಿ ಸ್ಥಾಪಿತವಾಯಿತು. ಅಮೆರಿಕದೊಡನೆ ಸೋವಿಯತ್ ಒಕ್ಕೂಟವೂ ದೊಡ್ಡ ಗಿರಾಕಿಯಾಗಿ ಬಂದಿತು. ಆಮದಿಗೆ ತಗಲುವ ವಿದೇಶೀ ವಿನಿಮಯಕ್ಕಿಂತ ರಫ್ತಿನಿಂದ ಬರುವ ವಿನಿಮಯ ಅಧಿಕವಾಗಿದ್ದುದರಿಂದ ಈ ಆಮದು ದೇಶಕ್ಕೆ ಲಾಭದಾಯಕವೆನಿಸಿತು. 1970ರಲ್ಲಿ ಕೇಂದ್ರ ಸರಕಾರವು ಭಾರತೀಯ ಗೇರು ನಿಗಮವನ್ನು ಸ್ಥಾಪಿಸಿ ಕಚ್ಚಾ ಬೀಜದ ಆಮದನ್ನು ಅದರ ಮೂಲಕವೇ ನಡೆಸತೊಡಗಿತು.

ಆದರೆ ಕೊಳ್ಳುವವನ ಎಣಿಕೆ ಒಂದಾದರೆ ಮಾರುವವನ ಎಣಿಕೆ ಮತ್ತೊಂದು. ತಮ್ಮ ನೆಲದ ಬೀಜವನ್ನು ತಾವೇ ಸುಲಿದು ತಿರುಳನ್ನೇ ಏಕೆ ಮಾರಬಾರದೆಂಬ ವಿಚಾರ ಆಫ್ರಿಕದಲ್ಲಿ ಮೂಡಿತು. ಟಾಂಜಾನಿಯ 1970ರ ದಶಕದಲ್ಲಿ ಯಂತ್ರ ಕಾರ್ಖಾನೆಗಳನ್ನು ಕಟ್ಟಿತು. 1975ರಲ್ಲಿ ಸ್ವತಂತ್ರವಾದ ಮೊಜಾಂಬಿಕ್ ಕಚ್ಚಾ ಬೀಜದ ರಫ್ತನ್ನು ನಿಷೇಧಿಸಿತು. ಅಷ್ಟರಲ್ಲಿ ಮೊಜಾಂಬಿಕ್‌ನಲ್ಲಿ 1977ರಿಂದ 1992ರವರೆಗೆ ಅಂತರ್ಯುದ್ಧ ನಡೆಯಿತು. ಟಾಂಜಾನಿಯದಲ್ಲಿ ರೈತರನ್ನು ಹೊಸ ಗ್ರಾಮಗಳಿಗೆ ಸ್ಥಳಾಂತರಿಸಿದುದರಿಂದ ಮರಗಳು ಒಂದೆಡೆ, ಒಡೆಯರು ಒಂದೆಡೆಯಾದರು. ಎರಡೂ ದೇಶಗಳ ಫಸಲು ಕುಸಿಯಿತು. ಅದರ ಪೆಟ್ಟು ಸಮುದ್ರದಾಚೆ ಕೊಲ್ಲಂ, ಮಂಗಳೂರುಗಳ ಕೂಲಿ ಸ್ತ್ರೀಯರಿಗೆ ತಗಲಿತು. ಕಾರ್ಖಾನೆಗಳು ವರ್ಷದಲ್ಲಿ ಕೆಲವೇ ತಿಂಗಳು ನಡೆಯುವಂತಾಯಿತು.

ಆಗ ಸ್ವಂತ ತೋಟಗಳ ಮಹತ್ವ ಮನದಟ್ಟಾಯಿತು. 1978ರಲ್ಲಿ ಕರ್ನಾಟಕ ಗೇರು ಅಭಿವೃದ್ಧಿ ನಿಗಮವೂ, 1986ರಲ್ಲಿ ಪುತ್ತೂರಿನಲ್ಲಿ ರಾಷ್ಟ್ರೀಯ ಗೇರು ಸಂಶೋಧನ ಕೇಂದ್ರವೂ ಸ್ಥಾಪನೆಗೊಂಡವು. ಕಸಿ ಗಿಡಗಳು ರೈತರ ಕೈ ಸೇರಿದವು. ಆದರೂ ದೇಶದ ಬೀಜ ಕಾರ್ಖಾನೆಗಳ ಹಸಿವನ್ನು ತಣಿಸಲಿಲ್ಲ.

ಮುಂದೆ ನಡೆದುದು ಇನ್ನೂ ವಿಚಾರಾರ್ಹ. 1990ರ ದಶಕದಲ್ಲಿ ವಿಶ್ವಬ್ಯಾಂಕಿನ ಒತ್ತಾಯದಿಂದ ಮೊಜಾಂಬಿಕ್ ಕಚ್ಚಾ ಬೀಜದ ಮೇಲಿನ ರಫ್ತು ಸುಂಕವನ್ನು ಇಳಿಸಿತು. ಬೀಜ ಮತ್ತೆ ಭಾರತಕ್ಕೆ ಹರಿಯಿತು. ಅಲ್ಲಿಯ ಕಾರ್ಖಾನೆಗಳು ಮುಚ್ಚಿ ಸಾವಿರಾರು ಕೆಲಸಗಾರರು ಬೀದಿಪಾಲಾದರು. ಕೊನೆಗೆ 1999ರಲ್ಲಿ ಆ ದೇಶದ ಸಂಸತ್ತು ಸುಂಕವನ್ನು ಶೇಕಡಾ 18ರಿಂದ 22ರ ಮಟ್ಟಕ್ಕೆ ಏರಿಸಿತು. ಇಲ್ಲಿಯ ಕಾರ್ಖಾನೆಯ ಸಿಳ್ಳು ಮತ್ತೆ ಕೂಗಿದಾಗ ಅಲ್ಲಿಯದು ಮೌನವಾಗಿತ್ತೆಂಬುದನ್ನು ನ್ಯಾಯದೃಷ್ಟಿಯುಳ್ಳ ವರ್ತಕನು ಮರೆಯಲಾಗದು.

ಈ ನಡುವೆ ವ್ಯಾಪಾರದ ಕೇಂದ್ರ ಪಶ್ಚಿಮ ಆಫ್ರಿಕಕ್ಕೆ ಸರಿಯಿತು. ಐವರಿ ಕೋಸ್ಟ್, ಬೆನಿನ್, ಗಿನಿ ಬಿಸ್ಸಾವು, ಘಾನಾಗಳಿಂದ ಬೀಜ ಬರತೊಡಗಿತು. ಐವರಿ ಕೋಸ್ಟ್ ಕಚ್ಚಾ ಬೀಜದಲ್ಲಿ ಜಗತ್ತಿಗೇ ಅಗ್ರಗಣ್ಯವಾಯಿತು. ಆದರೆ ಅಲ್ಲಿಯ ಫಸಲಿನ ಕಾಲವೂ ಇಲ್ಲಿಯ ಫಸಲಿನ ಕಾಲವೂ ಹೆಚ್ಚುಕಡಿಮೆ ಒಂದೇ. ಹಿಂದಿನಂತೆ ಒಂದು ಮುಗಿಯುತ್ತಲೇ ಇನ್ನೊಂದು ಬರುವುದಿಲ್ಲ. ವರ್ಷಕ್ಕೆ ಬೇಕಾದ ಬೀಜವನ್ನು ಕೆಲವೇ ತಿಂಗಳಲ್ಲಿ ಕೊಂಡು ಗೋದಾಮಿನಲ್ಲಿಡಬೇಕು. ಅದಕ್ಕೆ ಬಂಡವಾಳ ಬೇಕು, ಬಡ್ಡಿ ತೆರಬೇಕು, ಬೆಲೆ ಇಳಿದರೆ ನಷ್ಟ ಹೊರಬೇಕು. ಸಣ್ಣ ಕಾರ್ಖಾನೆದಾರರನ್ನು ಕಂಗೆಡಿಸುವುದು ಇದೇ. ಯಂತ್ರಬಲದಿಂದ ಮುಂದೆ ಬಂದ ವಿಯೆಟ್ನಾಂ 2006ರಲ್ಲಿ ತಿರುಳಿನ ರಫ್ತಿನಲ್ಲಿ ಭಾರತವನ್ನು ಹಿಂದೆ ಹಾಕಿತು. 2018ರ ಮುಂಗಡಪತ್ರದಲ್ಲಿ ಭಾರತ ಸರಕಾರ ಕಚ್ಚಾ ಬೀಜದ ಆಮದು ಸುಂಕವನ್ನು ಶೇಕಡಾ 5ರಿಂದ 2.5ಕ್ಕೆ ಇಳಿಸಿತು. ಅದೇ ವರ್ಷ ಟಾಂಜಾನಿಯದಲ್ಲಿ ವರ್ತಕರು ಕೊಟ್ಟ ಬೆಲೆ ರೈತರಿಗೆ ಒಪ್ಪಿಗೆಯಾಗದೆ, ಅಧ್ಯಕ್ಷ ಮಗುಫುಲಿಯವರು ಸೈನ್ಯದ ಮೂಲಕವೇ ಬೀಜ ಕೊಳ್ಳಲು ಆಜ್ಞಾಪಿಸಿದರು.

ಈ ಇತಿಹಾಸದಿಂದ ತಿಳಿದುಬರುವುದಿಷ್ಟು: ಬೀಜ ಬೆಳೆಯುವ ಆಫ್ರಿಕದ ರೈತನೂ ಅದನ್ನು ಒಡೆಯುವ ಕರಾವಳಿಯ ಹೆಂಗಸೂ ಒಬ್ಬರ ಮುಖವನ್ನೊಬ್ಬರು ಕಂಡವರಲ್ಲ, ಆದರೂ ಒಬ್ಬರ ಅನ್ನ ಇನ್ನೊಬ್ಬರ ಕೈಯಲ್ಲಿದೆ. ಅಲ್ಲಿಯವರು ತಮ್ಮ ಬೀಜವನ್ನು ತಾವೇ ಸುಲಿಯಬೇಕೆಂಬ ಹಂಬಲ ನ್ಯಾಯವಾದುದು, ಅದು ದಿನೇ ದಿನೇ ಬಲಿಯುತ್ತಲೂ ಇದೆ. ಆದಕಾರಣ ಪರರ ಬೀಜವನ್ನೇ ನೆಚ್ಚಿ ಕುಳಿತುಕೊಳ್ಳುವ ಕಾಲ ಇದಲ್ಲ. ಪಾಳುಬಿದ್ದ ಗುಡ್ಡಗಳಲ್ಲಿ ಕಸಿ ಗೇರು ನೆಡುವುದು, ತರಿಸಿಕೊಂಡ ಬೀಜಕ್ಕೆ ಸರಿಯಾದ ತೂಕ, ಸರಿಯಾದ ಬೆಲೆ ಸಲ್ಲಿಸುವುದು, ದುಡಿಯುವ ಕೈಗಳನ್ನು ಕಾಪಾಡುವುದು, ಈ ಮೂರೂ ಒಟ್ಟಿಗೆ ನಡೆದಾಗ ಮಾತ್ರ ಈ ಹಳೆಯ ಉದ್ಯಮ ಮುಂದಿನ ತಲೆಮಾರಿಗೂ ಉಳಿದೀತು.