ಕಲ್ಲೋ, ಕಲ್ಲಿನ ಆಯುಧವೋ?

ಕುಂಟೆ ಹೊಡೆಯುವಾಗ ಹೊಲದಲ್ಲಿ ಅಂಗೈಯಗಲದ ಒಂದು ಕಲ್ಲು ಮೇಲೆ ಬರುತ್ತದೆ. ಒಂದು ತುದಿ ಚೂಪು, ಇನ್ನೊಂದು ಗುಂಡಗೆ. ಹಿಡಿದು ನೋಡಿದರೆ ಕೈಗೆ ಸರಿಯಾಗಿ ಕೂರುತ್ತದೆ. ಹವ್ಯಾಸಿ ಸಂಗ್ರಾಹಕರಲ್ಲಿ ಅನೇಕರು ಇಷ್ಟಕ್ಕೇ ಅದನ್ನು ಆದಿಮಾನವನ ಆಯುಧ ಎಂದು ತೀರ್ಮಾನಿಸಿಬಿಡುತ್ತಾರೆ. ಆದರೆ ಯಾವುದೇ ಹಳ್ಳದ ದಂಡೆಯಲ್ಲಿ ಅರ್ಧ ಗಂಟೆ ಓಡಾಡಿ ನೋಡಿ, ಕೈಗೆ ಕೂರುವ ಕಲ್ಲುಗಳು ಹತ್ತಾದರೂ ಸಿಗುತ್ತವೆ. ಹಾಗಾದರೆ ಗುರುತಿಸುವುದು ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿ ದೊಡ್ಡ ದೊಡ್ಡ ವಿದ್ವಾಂಸರೇ ಐವತ್ತು ವರ್ಷ ಜಗಳ ಆಡಿದ್ದಾರೆ.

ಉಜ್ಜಿ ನಯ ಮಾಡಿದ ನವಶಿಲಾಯುಗದ ಕೊಡಲಿಗಳ ವಿಷಯದಲ್ಲಿ ಕಷ್ಟವಿಲ್ಲ. ನೀರಿನಲ್ಲಿ ಉರುಳಿದ ಕಲ್ಲು ಎಲ್ಲ ಕಡೆಯೂ ನುಣ್ಣಗಾಗುತ್ತದೆ, ಅದಕ್ಕೆ ಅಲಗು ಬರುವುದಿಲ್ಲ. ಎರಡು ಬದಿಯನ್ನೂ ಒಂದೇ ಸಮನಾಗಿ ಉಜ್ಜಿ ಒಂದು ತುದಿಗೆ ಅಲಗು ತರುವುದು ಮನುಷ್ಯನ ಕೆಲಸ. ಇವು ಸಿಡಿಲಿನ ಜೊತೆ ಬಿದ್ದ ಕಲ್ಲುಗಳೆಂದು ಯುರೋಪಿನ ಜನ ಬಹುಕಾಲ ನಂಬಿದ್ದರು. 16ನೇ ಶತಮಾನದಲ್ಲೇ ಪೋಪರ ವೈದ್ಯ ಮಿಕೆಲೆ ಮೆರ್ಕಾತಿ, ಇವು ಕಬ್ಬಿಣ ತಿಳಿಯದ ಕಾಲದ ಜನ ಮಾಡಿದ ಉಪಕರಣಗಳು ಎಂದು ಬರೆದಿಟ್ಟ. ಆ ಪುಸ್ತಕ ಅಚ್ಚಾದದ್ದು ಮಾತ್ರ 1717ರಲ್ಲಿ. ನಮ್ಮ ಕಡೆ ಇಂಥ ಕೊಡಲಿಗಳನ್ನು ಮರದ ಬುಡದಲ್ಲೋ ಗುಡಿಯಲ್ಲೋ ಇಟ್ಟು ಪೂಜಿಸಿದ ಉದಾಹರಣೆಗಳಿವೆ. ಅವರನ್ನು ನೋಡಿ ನಗಬೇಕಾಗಿಲ್ಲ. ಇದು ಸಾಮಾನ್ಯ ಕಲ್ಲಲ್ಲ ಎಂಬಷ್ಟು ಅವರ ಕಣ್ಣಿಗೂ ಗೊತ್ತಾಗಿತ್ತು.

ತೊಡಕಿರುವುದು ಉಜ್ಜದೆ, ಬರೀ ಚಕ್ಕೆ ಎಬ್ಬಿಸಿ ಮಾಡಿದ ಹಳೆ ಶಿಲಾಯುಗದ ಕಲ್ಲುಗಳಲ್ಲಿ. ಕಿಟಕಿಯ ಗಾಜಿಗೆ ಗೋಲಿ ಬಡಿದರೆ ಹಿಂಬದಿಯಿಂದ ಬಟ್ಟಲಿನಾಕಾರದ ಚೂರು ಹಾರುತ್ತದಲ್ಲ, ಗಟ್ಟಿಯಾದ ನುಣುಪು ಕಲ್ಲೂ ಹಾಗೆಯೇ ಒಡೆಯುತ್ತದೆ. ಸುತ್ತಿಗೆಯಾಗಿ ಬಳಸಿದ ಕಲ್ಲು ಎಲ್ಲಿ ಬಿತ್ತೋ ಅದರ ಕೆಳಗೆ ಚಕ್ಕೆಯ ಮೇಲೆ ಸಣ್ಣ ಉಬ್ಬು ಬರುತ್ತದೆ, ಅಲ್ಲಿಂದ ಅಲೆಯಂತೆ ಗೆರೆಗಳು ಹರಡುತ್ತವೆ. ಮೂಲ ಕಲ್ಲಿನ ಮೇಲೆ ಅದಕ್ಕೆ ಸರಿಯಾದ ತಗ್ಗು ಉಳಿಯುತ್ತದೆ. ನೋಡುವವರು ಮೊದಲು ಹುಡುಕುವುದು ಈ ಉಬ್ಬು ಮತ್ತು ತಗ್ಗನ್ನು. ಆಮೇಲೆ ನೋಡುವುದು ತಗ್ಗುಗಳು ಸಾಲಾಗಿ, ಒಂದು ಅಂಚನ್ನು ಹಿಡಿದುಕೊಂಡು ಹೋಗಿವೆಯೇ ಎಂಬುದನ್ನು. ಬಣ್ಣವನ್ನೂ ನೋಡಬೇಕು. ಸಾವಿರಾರು ವರ್ಷ ಬಿಸಿಲು ಮಳೆಗೆ ಬಿದ್ದ ಗಾಯ ಕಲ್ಲಿನ ಹೊರಮೈಯಂತೆಯೇ ಮಾಸಿರುತ್ತದೆ. ಕಳೆದ ವರ್ಷ ಟ್ರ್ಯಾಕ್ಟರ್ ನೇಗಿಲು ಬಡಿದು ಎದ್ದ ಚಕ್ಕೆಯ ಜಾಗ ಹೊಚ್ಚ ಹೊಸದಾಗಿ ಹೊಳೆಯುತ್ತದೆ. ಬಿಳಿ ಬೆಣಚುಕಲ್ಲಾದರೆ ಮಾತ್ರ ಬಹಳ ಎಚ್ಚರ ಬೇಕು. ಅದು ಸಿಕ್ಕಾಪಟ್ಟೆ ಚೂರಾಗುತ್ತದೆ, ಗುರುತು ಸರಿಯಾಗಿ ಉಳಿಯುವುದಿಲ್ಲ.

ಇಷ್ಟು ಗೊತ್ತಿದ್ದರೆ ಸಾಕೇ? ಸಾಲದು ಎಂಬುದಕ್ಕೆ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಇಟಮ್ ಎಂಬ ಹಳ್ಳಿಯ ಕತೆ ಕೇಳಬೇಕು. ಅಲ್ಲಿ ಬೆಂಜಮಿನ್ ಹ್ಯಾರಿಸನ್ ಎಂಬ ಕಿರಾಣಿ ಅಂಗಡಿಯವನಿದ್ದ. ಬಿಡುವು ಸಿಕ್ಕಾಗಲೆಲ್ಲ ಗುಡ್ಡದ ಮೇಲಿಂದ ಅಂಚು ಒಡೆದ ಕಂದು ಬಣ್ಣದ ಚಕಮಕಿ ಕಲ್ಲುಗಳನ್ನು ಆರಿಸಿ ತರುತ್ತಿದ್ದ. ಇವು ಅದುವರೆಗೆ ಗೊತ್ತಿದ್ದ ಎಲ್ಲ ಆಯುಧಗಳಿಗಿಂತ ಹಳೆಯವು ಎಂಬುದು ಅವನ ನಂಬಿಕೆ. ಅವನ ಬೆನ್ನಿಗೆ ನಿಂತವರು ಸಾಮಾನ್ಯರಲ್ಲ, ಆ ಕಾಲದ ಹೆಸರಾಂತ ಭೂವಿಜ್ಞಾನಿ ಜೋಸೆಫ್ ಪ್ರೆಸ್ಟ್‌ವಿಚ್. ‘ಇಯೋಲಿತ್’, ಅಂದರೆ ಶಿಲಾಯುಗದ ಉದಯಕಾಲದ ಕಲ್ಲು ಎಂಬ ಹೆಸರು ಅವಕ್ಕೆ ಅಂಟಿಕೊಂಡಿತು. 1905ರಲ್ಲಿ ಫ್ರಾನ್ಸಿನ ಮಾರ್ಸೆಲಾಂ ಬೂಲ್ ಒಂದು ಸಿಮೆಂಟ್ ಕಾರ್ಖಾನೆಯ ಮಾತೆತ್ತಿದ. ಸುಣ್ಣಮಣ್ಣು ಕಲಸುವ ಯಂತ್ರದಲ್ಲಿ ಸಿಕ್ಕಿ ಉರುಳಿದ ಚಕಮಕಿ ಕಲ್ಲುಗಳು ಹೊರಬಂದಾಗ ಥೇಟ್ ಇಯೋಲಿತ್‌ಗಳಂತೆಯೇ ಇದ್ದವು! ಯಂತ್ರ ಮಾಡುವುದನ್ನು ನದಿಯೂ ಮಾಡಬಹುದು, ಜರುಗುವ ಮಣ್ಣೂ ಮಾಡಬಹುದು.

ಜಗಳ ಅಷ್ಟಕ್ಕೇ ನಿಲ್ಲಲಿಲ್ಲ. 1939ರಲ್ಲಿ ಆಲ್ಫ್ರೆಡ್ ಬಾರ್ನ್ಸ್ ಒಂದು ಲೆಕ್ಕ ಹಾಕಿಕೊಟ್ಟ. ಹೊಡೆತ ಬಿದ್ದ ಮೈಗೂ ಚಕ್ಕೆ ಎದ್ದ ತಗ್ಗಿಗೂ ನಡುವಿನ ಕೋನವನ್ನು ಅಳೆಯಬೇಕು. ಮನುಷ್ಯ ಬೇಕೆಂದು ಒಡೆದರೆ ಅದು ಹೆಚ್ಚಾಗಿ 90 ಡಿಗ್ರಿಗಿಂತ ಕಡಿಮೆ ಇರುತ್ತದೆ. 90 ಮತ್ತು ಅದಕ್ಕೂ ಮೇಲ್ಪಟ್ಟ ಕೋನಗಳು ನೂರಕ್ಕೆ ಇಪ್ಪತ್ತೈದನ್ನು ಮೀರಿದರೆ ಅದು ಪ್ರಕೃತಿಯ ಕೆಲಸ ಎನ್ನಬಹುದು. ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಆ ‘ನೂರಕ್ಕೆ’ ಎಂಬ ಮಾತು. ಒಂದೇ ಒಂದು ಕಲ್ಲನ್ನು ಕೈಯಲ್ಲಿ ಹಿಡಿದು ಈ ಪರೀಕ್ಷೆ ಮಾಡಲು ಬರುವುದಿಲ್ಲ. ಒಂದೆಡೆ ಸಿಕ್ಕ ಕಲ್ಲುಗಳೆಲ್ಲ ಬೇಕು. ಇನ್ನು 2016ರಲ್ಲಿ ಬ್ರೆಜಿಲ್‌ನ ಕಪುಚಿನ್ ಕೋತಿಗಳು ಕಲ್ಲಿಗೆ ಕಲ್ಲು ಬಡಿಯುವಾಗ ಹರಿತವಾದ ಚಕ್ಕೆಗಳು ಏಳುವುದನ್ನು ಸಂಶೋಧಕರು ದಾಖಲಿಸಿದರು. ಆ ಚಕ್ಕೆಗಳನ್ನು ಕೋತಿಗಳು ಮೂಸಿಯೂ ನೋಡುವುದಿಲ್ಲ, ಆದರೆ ಕಲ್ಲಿನ ಮೇಲೆ ಗುರುತಂತೂ ಬಿದ್ದಿರುತ್ತದೆ.

ಸ್ವಾರಸ್ಯವೆಂದರೆ ಇದೇ ಪ್ರೆಸ್ಟ್‌ವಿಚ್ ಅದಕ್ಕೂ ಮೊದಲು, 1859ರಲ್ಲಿ, ಸರಿಯಾದ ದಾರಿ ಹಿಡಿದಿದ್ದ. ಫ್ರಾನ್ಸಿನ ಸೊಮ್ ನದಿ ಬಯಲಲ್ಲಿ ಬೂಶೆ ದ ಪೆರ್ತ್ ಎಂಬ ಸುಂಕದ ಅಧಿಕಾರಿ ಬಹಳ ವರ್ಷಗಳಿಂದ ಕೈಗೊಡಲಿಗಳನ್ನು ಕೂಡಿಡುತ್ತಿದ್ದ, ಯಾರೂ ನಂಬುತ್ತಿರಲಿಲ್ಲ. ಪ್ರೆಸ್ಟ್‌ವಿಚ್ ಮತ್ತು ಜಾನ್ ಇವಾನ್ಸ್ ಅವನ ಕಪಾಟನ್ನಷ್ಟೇ ನೋಡಿ ಸುಮ್ಮನಾಗಲಿಲ್ಲ. ಸೇಂಟ್ ಅಶೂಲ್ ಎಂಬಲ್ಲಿ ಕದಡದ ಗರಸಿನ ಪದರದಲ್ಲಿ ಕೈಗೊಡಲಿ ಇನ್ನೂ ಹೂತಿದ್ದಾಗಲೇ ಅದರ ಫೋಟೊ ತೆಗೆಸಿದರು. ಜಗತ್ತು ನಂಬಿದ್ದು ಆಮೇಲೆ. ನಾಲ್ಕೇ ವರ್ಷಕ್ಕೆ, ಹುಡುಕಿಕೊಟ್ಟರೆ ಬಹುಮಾನ ಎಂದು ಪೆರ್ತ್ ಆಸೆ ತೋರಿಸಿದ್ದರಿಂದ ಕೂಲಿಗಳು ತಾವೇ ಕೊಡಲಿ ಮಾಡಿ ಹೂತಿಟ್ಟು ತೆಗೆದುಕೊಟ್ಟರು. ಕಾಸು ಬಂದಲ್ಲಿ ಕಲ್ಲೂ ಸುಳ್ಳು ಹೇಳುತ್ತದೆ.

ಆ 1863ರ ಮೇ 30ರಂದೇ ಭಾರತದ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ ಜಂಬಿಟ್ಟಿಗೆ ಗರಸಿನ ಗುಂಡಿಯಿಂದ ಒಂದು ಹಳೆ ಶಿಲಾಯುಗದ ಆಯುಧ ಎತ್ತಿದ. ಮುಂದೆ ಬಳ್ಳಾರಿ ಸೀಮೆಯನ್ನೂ ಸುತ್ತಿದ. ಫೂಟ್‌ನ ಸಂಗ್ರಹವನ್ನು 1904ರಲ್ಲಿ ಮದ್ರಾಸ್ ಮ್ಯೂಸಿಯಂ ಕೊಂಡಿತು. ಅದು ಇಂದಿಗೂ ಉಪಯೋಗಕ್ಕೆ ಬರುವುದು ಯಾವ ಕಲ್ಲು ಯಾವ ಊರಿನದು ಎಂದು ಅವನು ಬರೆದಿಟ್ಟಿದ್ದರಿಂದ.

ಜಾಗ ಏಕೆ ಅಷ್ಟು ಮುಖ್ಯ ಎನ್ನುವವರು ಯಾದಗಿರಿ ಜಿಲ್ಲೆಯ ಹುಣಸಗಿ ಬಳಿಯ ಇಸಾಂಪುರದ ಬಗ್ಗೆ ಓದಬೇಕು. ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅಲ್ಲಿ ಉತ್ಖನನ ಮಾಡಿದಾಗ ಸಿಕ್ಕಿದ್ದು ಬರೀ ಕೈಗೊಡಲಿಗಳಲ್ಲ. ಒಡೆಯಲು ಆರಿಸಿಕೊಂಡ ಸುಣ್ಣಕಲ್ಲಿನ ಹಾಸುಗಳು, ಸುತ್ತಿಗೆ ಕಲ್ಲುಗಳು, ಅರ್ಧಕ್ಕೆ ಬಿಟ್ಟ ಆಯುಧಗಳು, ರಾಶಿ ಚಕ್ಕೆಗಳು, ಎಲ್ಲ ಒಂದೇ ಕಡೆ ಇದ್ದವು. ಸುಮಾರು 12 ಲಕ್ಷ ವರ್ಷ ಹಿಂದಿನ ಕೆಲಸದ ಅಂಗಳ ಅದು. ಅಲ್ಲಿನ ಒಂದು ಚಕ್ಕೆಯನ್ನು ತಂದು ನಿಮ್ಮ ಮೇಜಿನ ಮೇಲಿಟ್ಟರೆ ಯಾರೂ ತಿರುಗಿ ನೋಡುವುದಿಲ್ಲ. ಬಳ್ಳಾರಿ ಪಕ್ಕದ ಸಂಗನಕಲ್ಲು-ಕಪ್ಪಗಲ್ಲು ಗುಡ್ಡಗಳಲ್ಲೂ ಹೀಗೆಯೇ. ಕಪ್ಪು ಡಾಲರೈಟ್ ಬಂಡೆಯ ಸಾಲು, ಪಕ್ಕದಲ್ಲೇ ಚಕ್ಕೆಗಳ ರಾಶಿ, ಕೊಡಲಿ ಉಜ್ಜಿ ಉಜ್ಜಿ ಬಂಡೆಯಲ್ಲಿ ಬಿದ್ದ ಉದ್ದನೆಯ ತಗ್ಗುಗಳು. ಆ ಗುಡ್ಡಗಳಿಗೆ ಕಲ್ಲು ಗಣಿಗಾರಿಕೆಯ ಏಟು ಬಿದ್ದಿದೆ. ಅಲ್ಲಿಂದ ಕೊಡಲಿಯೊಂದನ್ನು ಎತ್ತಿ ಉಳಿಸಿಕೊಂಡೆ ಎಂದು ಯಾರಾದರೂ ಹೇಳಿದರೆ ಉಳಿದದ್ದು ಕೊಡಲಿ ಮಾತ್ರ.

ಹೊಲದಲ್ಲಿ ಇಂಥ ಕಲ್ಲು ಕಂಡರೆ ತೊಳೆಯಬೇಡಿ, ಉಜ್ಜಬೇಡಿ, ಅಗೆಯಲು ಹೋಗಬೇಡಿ. ಇದ್ದಲ್ಲೇ ಫೋಟೊ ತೆಗೆಯಿರಿ, ಅಳತೆಗೆ ಪಕ್ಕದಲ್ಲಿ ಒಂದು ಪೆನ್ನಿಡಿ. ಸುತ್ತ ಹತ್ತು ಹೆಜ್ಜೆಯಲ್ಲಿ ಚಕ್ಕೆಗಳಿವೆಯೇ ನೋಡಿ. ಊರು, ಸರ್ವೆ ನಂಬರು, ತಾರೀಖು ಬರೆದಿಟ್ಟುಕೊಂಡು ರಾಜ್ಯ ಪುರಾತತ್ವ ಇಲಾಖೆಗೆ ತಿಳಿಸಿ. ಕಣ್ಣು ಪಳಗಿಸಿಕೊಳ್ಳಬೇಕೆಂದರೆ ಬಳ್ಳಾರಿಯಲ್ಲಿ ಫೂಟ್ ಹೆಸರಿನದೇ ಒಂದು ಪುರಾತತ್ವ ಸಂಗ್ರಹಾಲಯವಿದೆ. ಅಲ್ಲಿ ಒಳ್ಳೆಯ ಕೊಡಲಿಗಳನ್ನು ನೋಡಿದ ಮೇಲೆ ಚಕ್ಕೆಗಳ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಿ.