ಹವ್ಯಾಸಿ ತಂಡಕ್ರೀಡೆಗಳಲ್ಲಿ ಒತ್ತಡ ಮತ್ತು ಚೇತರಿಕೆ

ಕಬಡ್ಡಿ, ವಾಲಿಬಾಲ್, ಹಾಕಿ, ಫುಟ್‌ಬಾಲ್ ಮೊದಲಾದ ಆಟಗಳ ಹವ್ಯಾಸಿಗಳು ಅಭ್ಯಾಸ ಮತ್ತು ಪಂದ್ಯಗಳ ಹೊರೆಯನ್ನು ನಿದ್ರೆ, ಆಹಾರ, ವಿಶ್ರಾಂತಿಗಳಿಂದ ಸರಿದೂಗಿಸಿಕೊಳ್ಳುವ ಕ್ರಮ. ವೃತ್ತಿಪರರಿಗೆ ಚೇತರಿಕೆಯೂ ಕೆಲಸದ ಭಾಗ; ಹವ್ಯಾಸಿಗಳ ಬಿಡುವಿನಲ್ಲಿ ನೌಕರಿ, ಓದು, ಮನೆವಾರ್ತೆಗಳಿಗೂ ಪಾಲಿರುತ್ತದೆ.

ಬೇರೆ ಬೇರೆ ಬಗೆಯ ಪೀಡೆಗಳಿಗೆ ದೇಹ ಒಂದೇ ತೆರನಾಗಿ ಪ್ರತಿಕ್ರಿಯಿಸುವುದನ್ನು ವೈದ್ಯವಿಜ್ಞಾನಿ ಹಾನ್ಸ್ ಸೆಲ್ಯೆ 1936ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳಿಂದ ವಿವರಿಸಿದರು. ಕ್ರೀಡಾ ತರಬೇತಿಯ ಸಿದ್ಧಾಂತ ಇದನ್ನು ಹೀಗೆ ಬಳಸಿಕೊಂಡಿತು: ವ್ಯಾಯಾಮದಿಂದ ದಣಿದ ದೇಹ ವಿಶ್ರಾಂತಿಯಲ್ಲಿ ಮೊದಲಿಗಿಂತ ತುಸು ಹೆಚ್ಚು ಬಲ ಪಡೆಯುತ್ತದೆ, ಚೇತರಿಸಿಕೊಳ್ಳುವ ಮುನ್ನವೇ ಮತ್ತೆ ಹೊರೆ ಬಿದ್ದರೆ ದಣಿವು ಕೂಡುತ್ತ ಹೋಗುತ್ತದೆ.

ಹೊರೆಯನ್ನು ಅಳೆಯಲು ಅಮೆರಿಕದ ವ್ಯಾಯಾಮವಿಜ್ಞಾನಿ ಕಾರ್ಲ್ ಫಾಸ್ಟರ್ ರೂಪಿಸಿದ ವಿಧಾನಕ್ಕೆ ಉಪಕರಣ ಬೇಕಿಲ್ಲ. ಅಭ್ಯಾಸ ಮುಗಿದ ಸುಮಾರು ಅರ್ಧ ಗಂಟೆಗೆ, ಅದು ಎಷ್ಟು ಕಠಿಣವೆನಿಸಿತು ಎಂಬುದಕ್ಕೆ ಆಟಗಾರ 0ಯಿಂದ 10ರೊಳಗೆ ಅಂಕ ಕೊಡುತ್ತಾನೆ. ಅದನ್ನು ಅಭ್ಯಾಸದ ನಿಮಿಷಗಳಿಂದ ಗುಣಿಸಲಾಗುತ್ತದೆ. 90 ನಿಮಿಷಕ್ಕೆ 6 ಅಂಕವಾದರೆ ಹೊರೆ 540. ರಾತ್ರಿಪಾಳಿ ಮುಗಿಸಿ ಬಂದವನು ಅದೇ ಅಭ್ಯಾಸಕ್ಕೆ 8 ಕೊಟ್ಟರೆ 720. ಮೈದಾನದಾಚೆಯ ದಣಿವೂ ಹೀಗೆ ಲೆಕ್ಕಕ್ಕೆ ಸಿಗುತ್ತದೆ. ಅಮೆರಿಕನ್ ಫುಟ್‌ಬಾಲ್ ಆಡುವ ಅಲ್ಲಿನ ಕಾಲೇಜು ಆಟಗಾರರ ಕುರಿತು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪರೀಕ್ಷೆಯ ವಾರಗಳಲ್ಲಿ ಗಾಯದ ತೊಂದರೆ ಹೆಚ್ಚಿದ್ದುದು ಕಂಡುಬಂದಿತು.

ಕರಾವಳಿಯ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್ ಪಂದ್ಯಾಟಗಳಲ್ಲಿ ಗೆಲ್ಲುತ್ತ ಹೋದ ತಂಡ ಒಂದೇ ರಾತ್ರಿ ಹಲವು ಪಂದ್ಯ ಆಡಬೇಕಾಗುತ್ತದೆ. ಬೆಳಗಾದರೆ ಆಟಗಾರರಲ್ಲಿ ಅನೇಕರಿಗೆ ಕೆಲಸ. ಇಲ್ಲಿ ಆಟದ ಹೊರೆ ಏರುವ ಹೊತ್ತೇ ನಿದ್ರೆ ಕೆಡುವ ಹೊತ್ತು.

ಚೇತರಿಕೆಯಲ್ಲಿ ನಿದ್ರೆಯೇ ಮುಖ್ಯ: ವಯಸ್ಕರಿಗೆ ಕನಿಷ್ಠ 7 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ಬೇಕು. ಸ್ನಾಯುಗಳಲ್ಲಿ ಬರಿದಾದ ಗ್ಲೈಕೋಜನ್ ಎಂಬ ಶಕ್ತಿಸಂಗ್ರಹ ತುಂಬಿಕೊಳ್ಳಲು, ಅನ್ನ, ಮುದ್ದೆ, ಬಾಳೆಹಣ್ಣಿನಂಥ ಪಿಷ್ಟ–ಸಕ್ಕರೆಯುಳ್ಳ ಆಹಾರ ಸಾಕಷ್ಟು ಸಿಕ್ಕರೂ ಸುಮಾರು ಒಂದು ದಿನ ಹಿಡಿಯುತ್ತದೆ. ಬಿರುಸಿನ ಫುಟ್‌ಬಾಲ್ ಪಂದ್ಯದ ಬಳಿಕ ಸ್ನಾಯುಗಳು ಪೂರ್ತಿ ಸುಧಾರಿಸಲು 72 ಗಂಟೆಯೂ ಬೇಕಾದೀತು. ಸ್ನಾಯುನೋವು ಕಡಿಮೆಯಾಯಿತೆಂದ ಮಾತ್ರಕ್ಕೆ ಚೇತರಿಕೆ ಮುಗಿದಂತಲ್ಲ.

ನಿದ್ರೆ ಬಾರದಿರುವುದು, ಹಸಿವು ಕುಗ್ಗುವುದು, ಸಿಡುಕು, ವಿಶ್ರಾಂತಿ ಪಡೆದರೂ ಆಟ ಕುಸಿಯುತ್ತಲೇ ಇರುವುದು ಅತಿತರಬೇತಿಯ ಸೂಚನೆಗಳು. ಸ್ಥಿತಿ ಬಲಿತರೆ ಸುಧಾರಿಸಲು ತಿಂಗಳುಗಳೇ ಬೇಕು. ರಕ್ತಹೀನತೆ, ಸೋಂಕುಗಳಲ್ಲೂ ಇವೇ ಲಕ್ಷಣಗಳು ಕಾಣಿಸುವುದರಿಂದ ವೈದ್ಯರ ತಪಾಸಣೆ ಅಗತ್ಯ. ತಂಡಕ್ಕೆಲ್ಲ ಒಂದೇ ಪ್ರಮಾಣದ ಅಭ್ಯಾಸ ಕೊಡುವ ಬದಲು, ಆಯಾ ಆಟಗಾರನ ಕೆಲಸದ ಪಾಳಿ, ಪರೀಕ್ಷೆಗಳನ್ನು ನೋಡಿ ಅದನ್ನು ಹೆಚ್ಚುಕಡಿಮೆ ಮಾಡುವುದು ಹವ್ಯಾಸಿ ತಂಡಗಳಿಗೆ ಒಗ್ಗುವ ಕ್ರಮ.